ಕಂಪನ ನಿಲ್ಲಿಸಲಾಗದು, ಗೋಡೆ ಗಟ್ಟಿ ಮಾಡಬಹುದು: ವಿಜಯಪುರ ಜಿಲ್ಲಾಡಳಿತಕ್ಕೆ ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು,
ಮಾನ್ಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು, ಜಿಲ್ಲಾ ಪಂಚಾಯತಿ,
ವಿಜಯಪುರ.

ಮಾನ್ಯರೇ,

ಜಿಲ್ಲೆಯ ಯಾವುದಾದರೂ ಊರಿನಲ್ಲಿ ನೆಲ ಗುಡುಗಿ ಪಾತ್ರೆಗಳು ಅಲುಗಾಡಿದರೆ ಅದೇ ದಿನ ಒಂದು ಪ್ರಕಟಣೆ ಬರುತ್ತದೆ: ತೀವ್ರತೆ ಇಷ್ಟು, ಆಳ ಇಷ್ಟು, ಯಾರೂ ಆತಂಕಪಡಬೇಕಿಲ್ಲ. ಪ್ರಕಟಣೆಯಲ್ಲಿ ಸುಳ್ಳಿಲ್ಲ. ಎರಡು, ಮೂರು ತೀವ್ರತೆಯ ಕಂಪನದಿಂದ ಮನೆ ಬೀಳುವುದಿಲ್ಲ. ಆದರೆ ಪ್ರಕಟಣೆ ಹೊರಟ ಮೇಲೆ ಕೆಲಸವೂ ಅಲ್ಲಿಗೇ ನಿಲ್ಲುತ್ತದೆ, ಮುಂದಿನ ಸಪ್ಪಳವಾಗುವವರೆಗೆ ಯಾರೂ ಆ ಊರಿನ ಕಡೆ ನೋಡುವುದಿಲ್ಲ. ಕಂಪನಗಳ ನಡುವಿನ ಈ ಶಾಂತ ತಿಂಗಳುಗಳಲ್ಲಿ ಮಾಡಬೇಕಾದ ಎರಡು ಕೆಲಸಗಳನ್ನು ನಿಮ್ಮ ಗಮನಕ್ಕೆ ತರಲು ಈ ಪತ್ರ. ಒಂದು, ಸರಿಯಾಗಿ ಅಳೆಯುವುದು. ಇನ್ನೊಂದು, ಮಣ್ಣು ಮೆತ್ತಿ ಕಟ್ಟಿದ ಕಲ್ಲುಗೋಡೆಯ ಮಾಳಿಗೆ ಮನೆಗಳನ್ನು ಬಲಪಡಿಸುವುದು. ನಮ್ಮ ದೃಷ್ಟಿಯಲ್ಲಿ ಎರಡನೆಯದೇ ದೊಡ್ಡದು. ಮೊದಲನೆಯದು ಮುಗಿಯಲೆಂದು ಅದು ಕಾಯಬೇಕಾಗಿಲ್ಲ.

ಮೊದಲು ನೆಲದ ಮಾತು. ಜಿಲ್ಲೆಯ ಹೆಚ್ಚಿನ ಭಾಗದಲ್ಲಿ ಎರೆಮಣ್ಣಿನ ಕೆಳಗಿರುವ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಆರಿದ ಲಾವಾ. ಬಾವಿ ತೋಡುವಾಗ ಕಲ್ಲಿನ ಎರಡು ಪದರಗಳ ನಡುವೆ ಸಿಗುವ ಕೆಂಪು ಮಣ್ಣಿನ ಪಟ್ಟಿ ಒಂದು ಹರಿವಿಗೂ ಮತ್ತೊಂದಕ್ಕೂ ನಡುವೆ ಕಳೆದ ಕಾಲದ ಗುರುತು. ಪಶ್ಚಿಮ ಘಟ್ಟದಲ್ಲಿ ಇಂಥ ಕೆಂಪು ಪಟ್ಟಿಗಳಲ್ಲಿ ಸಿಕ್ಕ ಜಿರ್ಕಾನ್ ಹರಳುಗಳ ವಯಸ್ಸು ಲೆಕ್ಕಹಾಕಿದ ಸಂಶೋಧನೆ 2019ರಲ್ಲಿ ಪ್ರಕಟವಾಯಿತು. ಈ ಲಾವಾದ ಬಹುಭಾಗ ಹತ್ತು ಲಕ್ಷ ವರ್ಷಕ್ಕಿಂತ ಕಡಿಮೆ ಅವಧಿಯಲ್ಲಿ ಹೊರಬಂದಿತೆಂದು ಅದರಿಂದ ಗೊತ್ತಾಯಿತು. ನಮ್ಮಲ್ಲಿ ಈ ಹೊದಿಕೆ ದಕ್ಷಿಣಕ್ಕೆ ತೆಳುವಾಗುತ್ತ ಹೋಗುತ್ತದೆ. ತಾಳಿಕೋಟಿ, ಮುದ್ದೇಬಿಹಾಳದ ಕಡೆ ಅದು ಮುಗಿದು ಸುಣ್ಣದಕಲ್ಲು, ಗ್ರಾನೈಟು ಮೇಲೆ ಕಾಣುತ್ತವೆ.

ದೊಡ್ಡ ಕಂಪನಗಳು ಹುಟ್ಟುವುದು ಹೆಚ್ಚಾಗಿ ಈ ಕರಿಕಲ್ಲಿನಲ್ಲಿ ಅಲ್ಲ, ಅದರ ಕೆಳಗಿನ ಹಳೆಯ ಗ್ರಾನೈಟ್ ಬುಡದಲ್ಲಿ. ಅಲ್ಲಿರುವ ಹಳೆಯ ಬಿರುಕುಗಳನ್ನು ಲಾವಾ ಮುಚ್ಚಿಹಾಕಿರುವುದರಿಂದ ಮೇಲೆ ನಿಂತು ನೋಡಿದವರಿಗೆ ಏನೂ ತಿಳಿಯುವುದಿಲ್ಲ. ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ 1993ರ ಭೂಕಂಪದ ನಂತರ ಕೊರೆದು ನೋಡಿದಾಗ ಕರಿಕಲ್ಲು 338 ಮೀಟರಿಗೇ ಮುಗಿದಿತ್ತು. ಅದೇ ರಾಜ್ಯದ ಕೊಯ್ನಾ ಜಲಾಶಯದ ಬಳಿಯ ಗೋಠಣೆಯಲ್ಲಿ ಕೇಂದ್ರ ಭೂವಿಜ್ಞಾನ ಸಚಿವಾಲಯ ಕೊರೆದ 3 ಕಿ.ಮೀ. ಆಳದ ಕೊಳವೆಯಲ್ಲಿ ಅದು 1.2 ಕಿ.ಮೀ.ಗೂ ಹೆಚ್ಚು ದಪ್ಪವಿತ್ತು, ಕೆಳಗೆ ನೇರವಾಗಿ ಗ್ರಾನೈಟು. ವಿಜಯಪುರದಿಂದ ನೇರ ಅಳತೆಯಲ್ಲಿ ಕಿಲ್ಲಾರಿ ಸುಮಾರು 165 ಕಿ.ಮೀ., ಕೊಯ್ನಾ ಸುಮಾರು 215 ಕಿ.ಮೀ. ಎರಡೂ ನಮ್ಮಂಥದೇ ನೆಲ.

ಕಂಪನಗಳು ಮಳೆಗಾಲ ಮುಗಿಯುವಾಗ ಯಾಕೆ ಹೆಚ್ಚಾಗುತ್ತವೆ ಎಂದು ಜನ ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ. ದಖನ್ ಪ್ರಸ್ಥಭೂಮಿಯಲ್ಲಿ 2006ರ ನಂತರ ನಾಂದೇಡಿನಲ್ಲಿ, 2018ರ ನವೆಂಬರಿನಿಂದ ಪಾಲಘರದಲ್ಲಿ ಇಂಥ ಸಣ್ಣ ಕಂಪನಗಳ ಸರಣಿ ನಡೆದಾಗ ಸಂಶೋಧಕರು ನೆಲದೊಳಗೆ ಇಳಿಯುವ ಮಳೆನೀರಿನ ಪಾತ್ರವನ್ನು ಪರಿಶೀಲಿಸಿದರು. ಬಿರುಕಿನ ಎರಡು ಮೈಗಳನ್ನು ಒತ್ತಿ ಹಿಡಿದ ಭಾರ ಅವು ಜಾರದಂತೆ ತಡೆದಿರುತ್ತದೆ. ಬಿರುಕಿಗೆ ನೀರು ಸೇರಿ ಒತ್ತಡ ಏರಿದರೆ ಆ ಹಿಡಿತ ಸಡಿಲಾಗುತ್ತದೆ. ನೀರಿನ ಮಟ್ಟ 10 ಮೀಟರ್ ಏರಿದರೆ ಒತ್ತಡ ಸುಮಾರು 1 ಬಾರ್, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು, ಏರುತ್ತದೆ. ಮೊದಲೇ ಜಾರುವ ಅಂಚಿಗೆ ಬಂದಿರುವ ಬಿರುಕಿಗೆ ಇದರ ಹತ್ತರಲ್ಲೊಂದು ಪಾಲೂ ಸಾಕಾಗಬಹುದು. ನೀರು ಬಿರುಕಿನಲ್ಲಿ ಕೆಳಗಿಳಿಯಲು ವಾರಗಳು, ತಿಂಗಳುಗಳು ಬೇಕು, ಆದ್ದರಿಂದಲೇ ಮಳೆಗೂ ಕಂಪನಕ್ಕೂ ನಡುವೆ ಅಂತರ. ಗುಡುಗಿನ ಸಪ್ಪಳಕ್ಕೆ ಕಾರಣ ಬೇರೆ. ಕಂಪನ ಮೇಲುಮಟ್ಟದಲ್ಲೇ ಆಗಿದ್ದರೆ ಅದರ ವೇಗದ ಅಲೆಗಳು ಗಟ್ಟಿ ಕಲ್ಲಿನಲ್ಲಿ ಸವೆಯದೆ ಮೇಲೆ ಬಂದು ಗಾಳಿಗೆ ದಾಟುತ್ತವೆ, ಆಗ ನಮ್ಮ ಕಿವಿಗೆ ಕೇಳುತ್ತವೆ. ಸಪ್ಪಳ ದೊಡ್ಡದಾದ ಮಾತ್ರಕ್ಕೆ ಕಂಪನ ದೊಡ್ಡದೆಂದು ಅರ್ಥವಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಅಧಿಕಾರಿಗಳ ಬಾಯಲ್ಲೂ ಕೆಲವೊಮ್ಮೆ ಕೇಳುವ ಮಾತದು: ಸಣ್ಣ ಸಣ್ಣ ಕಂಪನ ಆದರೆ ಒಳ್ಳೆಯದೇ, ಶಕ್ತಿ ಸ್ವಲ್ಪಸ್ವಲ್ಪವಾಗಿ ಹೊರಗೆ ಹೋಗಿ ದೊಡ್ಡದು ಬರುವುದಿಲ್ಲ. ಲೆಕ್ಕ ಇದನ್ನು ಒಪ್ಪುವುದಿಲ್ಲ. ತೀವ್ರತೆಯಲ್ಲಿ ಒಂದು ಅಂಕ ಏರಿದರೆ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. 6ರ ಒಂದು ಭೂಕಂಪದ ಶಕ್ತಿ ಹೊರಹೋಗಲು 3ರ ಕಂಪನಗಳು ಸುಮಾರು 32,000 ಆಗಬೇಕು. ಇಷ್ಟೊಂದು ಕಂಪನ ಯಾವ ಊರಿನಲ್ಲೂ ಆಗಿಲ್ಲ. ಸಣ್ಣ ಕಂಪನ ಆಯಿತೆಂದರೆ ದೊಡ್ಡದು ಬಂದೇ ಬರುತ್ತದೆ ಎಂಬುದೂ ಸರಿಯಲ್ಲ, ಬಹಳಷ್ಟು ಸರಣಿಗಳು ತಾವಾಗಿ ಅಡಗಿಹೋಗುತ್ತವೆ. ಆದರೆ ಕಿಲ್ಲಾರಿಯಲ್ಲಿ 1992ರಲ್ಲಿ ಸಣ್ಣ ಕಂಪನಗಳು ಬಂದಿದ್ದವು, ಮರುವರ್ಷ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ 6.2ರ ಭೂಕಂಪ ಬಂತು. ಆಗ ಕಿಲ್ಲಾರಿ ಭೂಕಂಪ ವಲಯಗಳ ಪೈಕಿ ಅತಿ ಕಡಿಮೆ ಅಪಾಯದ 1ನೇ ವಲಯದಲ್ಲಿತ್ತು. ಭಾರತೀಯ ಮಾನಕ ಸಂಸ್ಥೆಯ 2016ರ ಸಂಹಿತೆಯಲ್ಲಿ ವಿಜಯಪುರ ಇರುವುದು 3ನೇ ವಲಯದಲ್ಲಿ.

ಇನ್ನು ಅಳತೆ. 2022ರ ಜುಲೈ 9ರ ಬೆಳಿಗ್ಗೆ 6 ಗಂಟೆ 22 ನಿಮಿಷಕ್ಕೆ ನಮ್ಮ ಜಿಲ್ಲೆಯಲ್ಲಿ ಆದ 4.4ರ ಕಂಪನದ ಆಳ 10 ಕಿ.ಮೀ. ಎಂದು ಪ್ರಕಟಣೆಯಲ್ಲಿತ್ತು. ಯಂತ್ರಗಳು ದೂರದಲ್ಲಿದ್ದಾಗ ಆಳವನ್ನು ಲೆಕ್ಕದಲ್ಲಿ 10 ಕಿ.ಮೀ.ಗೆ ಕಟ್ಟಿಹಾಕುವುದು ಎಲ್ಲ ಕಡೆ ಇರುವ ರೂಢಿ. ಅಂಥ ಅಂಕಿಯನ್ನು ಅಳೆದ ಆಳವೆಂದು ಓದಬಾರದು. ಕಂಪನದಿಂದ ಮೊದಲು ವೇಗದ ಅಲೆ, ಹಿಂದೆಯೇ ನಿಧಾನದ ಅಲೆ ಯಂತ್ರಕ್ಕೆ ಬರುತ್ತವೆ; ಇವೆರಡರ ನಡುವಿನ ಸೆಕೆಂಡುಗಳನ್ನು 8ರಿಂದ ಗುಣಿಸಿದರೆ ದೂರ ಸರಿಸುಮಾರು ಕಿ.ಮೀ.ಗಳಲ್ಲಿ ಸಿಗುತ್ತದೆ. ಮೂರು ಯಂತ್ರಗಳಿದ್ದರೆ ಜಾಗ ಗೊತ್ತಾಗುತ್ತದೆ. ಆಳ ನಂಬಿಕೆಯಿಂದ ಹೇಳಲು ನಾಲ್ಕನೆಯದೂ ಬೇಕು, ಮತ್ತು ಒಂದಾದರೂ ಯಂತ್ರ ಕಂಪನದ ನೆತ್ತಿಯ ಹತ್ತಿರವೇ ಇರಬೇಕು. 5 ಕಿ.ಮೀ. ಆಳದ ಕಂಪನಕ್ಕೆ 5ರಿಂದ 7 ಕಿ.ಮೀ. ಒಳಗೆ ಯಂತ್ರ ಇಲ್ಲದಿದ್ದರೆ ಆಳ ಊಹೆಯಾಗಿಯೇ ಉಳಿಯುತ್ತದೆ.

ಆದ್ದರಿಂದ ನಮ್ಮ ಕೋರಿಕೆ: ತಿಕೋಟಾ, ವಿಜಯಪುರ, ಬಸವನ ಬಾಗೇವಾಡಿ ಭಾಗದಲ್ಲಿ ಕನಿಷ್ಠ 6 ತಾತ್ಕಾಲಿಕ ಭೂಕಂಪನ ಮಾಪಕಗಳನ್ನು ಎರಡು ಮಳೆಗಾಲ ಪೂರ್ತಿ ಇಡಿಸಿರಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೂ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಗೂ ಈ ಕೆಲಸ ಹೊಸದಲ್ಲ. ಜಾಗ ಆರಿಸುವಾಗ ಸಾಮಾನ್ಯವಾಗಿ ಶಾಲೆಯ ಆವರಣ, ಪಂಚಾಯತಿ ಕಟ್ಟಡ ಎಂದು ಸುಲಭ ನೋಡಿ ಇಡುತ್ತಾರೆ, ಅಲ್ಲೇ ದಾಖಲೆ ಕೆಡುತ್ತದೆ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಯಂತ್ರ ವಾಲುತ್ತದೆ. ಮಣ್ಣು ತೆಗೆದು, ಗರಸು ತೆಗೆದು, ಗಟ್ಟಿ ಕರಿಕಲ್ಲು ಸಿಕ್ಕ ಮೇಲೆ ಅದರ ಮೇಲೆಯೇ ಸಣ್ಣ ಕಾಂಕ್ರೀಟ್ ಪೀಠ ಹಾಕಬೇಕು. ಪೀಠ ಸುತ್ತಲಿನ ಗೋಡೆಗೂ ನೆಲಕ್ಕೂ ತಾಗಬಾರದು. ಪಂಪ್‌ಸೆಟ್, ಹೆದ್ದಾರಿ, ರೈಲುಹಳಿ, ಗಾಳಿಯಂತ್ರ, ಸಕ್ಕರೆ ಕಾರ್ಖಾನೆ ದೂರವಿರಬೇಕು. ಸೆಕೆಂಡಿಗೆ 100 ಅಳತೆ, ಉಪಗ್ರಹದ ಸಮಯ, ಸೌರಫಲಕ ಇಷ್ಟಿದ್ದರೆ ಆಯಿತು. ಕಲ್ಲುಗಣಿಗಳಲ್ಲಿ ಮದ್ದು ಸಿಡಿಸಿದ ನಿಮಿಷವನ್ನು ಗಣಿ ಮತ್ತು ಭೂವಿಜ್ಞಾನ ಇಲಾಖೆ ದಿನದಿನಕ್ಕೆ ಬರೆಸಿ ತರಿಸಬೇಕು. ಅದಿಲ್ಲದೆ ಸಿಡಿತ ಯಾವುದು, ಕಂಪನ ಯಾವುದು ಎಂದು ಬೇರೆ ಮಾಡಲು ಸುಮ್ಮನೆ ಸಮಯ ಹಾಳಾಗುತ್ತದೆ.

ಇದರ ಜೊತೆಗೇ ನೀರು. ಅದೇ ಊರುಗಳಲ್ಲಿ ಪಂಪ್ ಇಳಿಸದ, ಬಳಕೆ ಬಿಟ್ಟ ಕೊಳವೆಬಾವಿಗಳನ್ನು ಆರಿಸಿ, ಗಂಟೆಗೊಮ್ಮೆ ನೀರಿನ ಮಟ್ಟ ತಾನೇ ಬರೆದುಕೊಳ್ಳುವ ಮಾಪಕ ಇಳಿಬಿಡಬೇಕು. ಗಾಳಿಯ ಒತ್ತಡ ಅಳೆಯುವ ಇನ್ನೊಂದು ಮಾಪಕ ಮೇಲೆ ಇರಲೇಬೇಕು, ಇಲ್ಲವಾದರೆ ಹವೆಯ ಏರಿಳಿತವೇ ನೀರಿನ ಏರಿಳಿತವಾಗಿ ಕಾಣುತ್ತದೆ. ಪಕ್ಕದ ಹೊಲದಲ್ಲಿ ಪಂಪ್ ಓಡಿದ ಹೊತ್ತೂ ತಿಳಿದಿರಬೇಕು. ಗ್ರಾಮ ಪಂಚಾಯತಿ ಮಟ್ಟದ ಮಳೆ ಮಾಪಕಗಳ ಅಂಕಿ ರಾಜ್ಯದ ಬಳಿ ಆಗಲೇ ಇದೆ. ಮಳೆ, ನೀರಿನ ಮಟ್ಟ, ಕಂಪನ ಮೂರನ್ನೂ ಒಂದೇ ಹಾಳೆಯಲ್ಲಿ ಇಟ್ಟು ನೋಡಿದ ದಿನ ಈ ಜಿಲ್ಲೆಯ ಪ್ರಶ್ನೆಗೆ ಈ ಜಿಲ್ಲೆಯದೇ ಉತ್ತರ ಸಿಗುತ್ತದೆ.

ಅವಸರಕ್ಕೆ ಇನ್ನೊಂದು ಕಾರಣ ಆಲಮಟ್ಟಿ. ಕೃಷ್ಣಾ ಜಲವಿವಾದದ ಎರಡನೇ ನ್ಯಾಯಮಂಡಳಿ ಅಲ್ಲಿನ ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು 2010ರಲ್ಲಿ ಒಪ್ಪಿತು. ನಮ್ಮ ಕಂಪನಗಳಿಗೆ ಜಲಾಶಯವೇ ಕಾರಣ ಎಂದು ನಾವು ಹೇಳುತ್ತಿಲ್ಲ, ಹಾಗೆ ಹೇಳುವ ದಾಖಲೆ ಇಲ್ಲ. ಅಲ್ಲವೆಂದು ಹೇಳಲೂ ದಾಖಲೆ ಬೇಕಲ್ಲವೇ? ಕೊಯ್ನಾದಲ್ಲಿ 1962ರಲ್ಲಿ ನೀರು ತುಂಬಲು ಶುರುವಾಗಿ ಕಂಪನಗಳು ಬಂದ ಮೇಲೆ ಸ್ಥಳದಲ್ಲಿ ಯಂತ್ರ ಇಟ್ಟರು. 1967ರ ಡಿಸೆಂಬರಿನಲ್ಲಿ 6.3ರ ಭೂಕಂಪ ಆದಾಗ, ನೀರು ತುಂಬುವ ಮೊದಲು ಆ ನೆಲ ಹೇಗಿತ್ತು ಎಂದು ತೋರಿಸುವ ಸ್ಥಳೀಯ ದಾಖಲೆ ಇರಲಿಲ್ಲ. ವಾದ ವರ್ಷಗಟ್ಟಲೆ ನಡೆಯಿತು. ಆಲಮಟ್ಟಿಯ ಮಟ್ಟ ಏರುವ ಮುಂಚೆಯೇ ನಮ್ಮ ದಾಖಲೆ ಶುರುವಾದರೆ ಆ ಪಾಡು ನಮಗೆ ಬರುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಕಿಲ್ಲಾರಿಯಲ್ಲಿ ಸತ್ತ ಸಾವಿರಾರು ಜನರಲ್ಲಿ ಹೆಚ್ಚಿನವರು ತಮ್ಮ ಮನೆಯ ಕಲ್ಲು, ಮಣ್ಣಿನಡಿ ಸಿಕ್ಕಿ ಸತ್ತರು. ಆ ಮನೆಗಳು ನಮ್ಮ ಹಳ್ಳಿಯ ಹಳೆಯ ಮನೆಗಳಂಥವೇ: ಎರಡರಿಂದ ಮೂರು ಅಡಿ ದಪ್ಪದ ಗೋಡೆ, ಒಳಗೊಂದು ಹೊರಗೊಂದು ಕಲ್ಲಿನ ಸಾಲು, ನಡುವೆ ಚಿಕ್ಕ ಕಲ್ಲು, ಮಣ್ಣು ತುಂಬಿದ್ದು, ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ನೋಡಲು ಕೋಟೆಯಂತೆ ಗಟ್ಟಿ. ನೆಲ ಅಡ್ಡ ಅಲುಗಿದಾಗ ಆಗುವುದೇ ಬೇರೆ. ಎರಡು ಸಾಲುಗಳನ್ನು ಒಂದಕ್ಕೊಂದು ಹಿಡಿದಿಡುವ ಕಲ್ಲು ನಡುವೆ ಇಲ್ಲದ್ದರಿಂದ ಹೊರಸಾಲು ಹೊರಕ್ಕೆ, ಒಳಸಾಲು ಒಳಕ್ಕೆ ಬಾಗುತ್ತದೆ. ತುಂಬಿದ ಮಣ್ಣು ಕೆಳಗೆ ಜಾರಿ ಗೋಡೆಯನ್ನು ಇನ್ನಷ್ಟು ಅಗಲಿಸುತ್ತದೆ. ಮೂಲೆಯಲ್ಲಿ ಎರಡು ಗೋಡೆ ಬಿಡುತ್ತವೆ. ತೊಲೆಯ ತುದಿ ಜಾರಿ ಮಾಳಿಗೆ ಇಡಿಯಾಗಿ ಕುಸಿಯುತ್ತದೆ.

ಮಾಳಿಗೆಯ ತೂಕವನ್ನು ಒಮ್ಮೆ ಲೆಕ್ಕ ಹಾಕಿ ನೋಡಿರಿ. ಸೋರದಿರಲೆಂದು ಮಳೆಗಾಲಕ್ಕೆ ಮುಂಚೆ ಮೇಲೆ ಮಣ್ಣು ಹಾಕುತ್ತ ಬಂದು ಅದು ಎರಡು ಅಡಿ ಆಗಿರುತ್ತದೆ. 10 ಅಡಿಗೆ 12 ಅಡಿಯ ಒಂದು ಖೋಲಿಯ ಮೇಲೆ ಎರಡು ಅಡಿ ಮಣ್ಣೆಂದರೆ ಸುಮಾರು 11 ಟನ್. ಅದನ್ನು 8 ಅಂಗುಲಕ್ಕೆ ಇಳಿಸಿದರೆ 3.6 ಟನ್. ಭೂಕಂಪದಲ್ಲಿ ಗೋಡೆಯನ್ನು ಅಡ್ಡ ತಳ್ಳುವ ಬಲ ಮೇಲಿನ ತೂಕಕ್ಕೆ ತಕ್ಕಷ್ಟಿರುತ್ತದೆ. ಅಂದರೆ ಸಿಮೆಂಟಿನ ಒಂದು ಚೀಲವನ್ನೂ ತರದೆ, ಬರೀ ಸಲಿಕೆ, ಬುಟ್ಟಿಯಿಂದ ಚಾವಣಿಯ ಅಪಾಯದ ಮೂರರಲ್ಲಿ ಎರಡು ಪಾಲು ಇಳಿಸಬಹುದು. ಇಡೀ ಜಿಲ್ಲೆಯಲ್ಲಿ ಒಂದೇ ಕೆಲಸ ಆಗುವುದಿದ್ದರೆ ಇದೇ ಆಗಲಿ.

ಮಾಡುವ ಬಗೆ ಹೀಗೆ. ಮೊದಲು ಒಳಗಿನಿಂದ ತೊಲೆಗಳ ತುದಿ ನೋಡಬೇಕು. ಗೆದ್ದಲು ತಿಂದಿದ್ದರೆ ಕೆಳಗೆ ಕಂಬ ಕೊಟ್ಟ ಮೇಲೆಯೇ ಮಾಳಿಗೆ ಹತ್ತಬೇಕು. ಮಣ್ಣನ್ನು ಒಂದು ಬದಿಯಿಂದ ಪೂರ್ತಿ ಬಗೆದು ತೆಗೆಯಬಾರದು, ಭಾರ ಇನ್ನೊಂದು ಬದಿಗೆ ಬಿದ್ದು ತೊಲೆ ತಿರುಗುತ್ತದೆ. ಇಡೀ ಮಾಳಿಗೆಯ ಮೇಲಿಂದ ನಾಲ್ಕು ನಾಲ್ಕು ಅಂಗುಲದ ಪದರವಾಗಿ ತೆಗೆಯಬೇಕು. ತೆಗೆದದ್ದನ್ನು ಗೋಡೆಯ ಬುಡಕ್ಕೆ ಒಟ್ಟಬಾರದು. ಕೊನೆಯ 8 ಅಂಗುಲದಲ್ಲಿ ಅರ್ಧ ಉಳಿದಾಗ ಸಮಮಾಡಿ, ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚುಗಳನ್ನು ಒಂದು ಅಡಿ ಒಂದರ ಮೇಲೊಂದು ಬರುವಂತೆ ಮಡಚಿ, ಮೇಲೆ ಮತ್ತೆ 4 ಅಂಗುಲ ಮಣ್ಣು ಹಾಕಿ ಇಳಿಜಾರು ಕೊಡಬೇಕು. ನೀರು ತಡೆಯುವುದು ಹಾಳೆ. ಹಾಳೆಯನ್ನು ಬಿಸಿಲಿನಿಂದ ಕಾಯುವುದೂ ಮನೆ ತಂಪಾಗಿಡುವುದೂ ಮೇಲಿನ ಮಣ್ಣು. ಹಾಳೆ ಹಾಕದೆ ಬರೀ ಮಣ್ಣು ತೆಗೆಸಿದರೆ ಮೊದಲ ಮಳೆಗೇ ಸೋರುತ್ತದೆ, ಮರುವರ್ಷ ಜನ ಮತ್ತೆ ಮಣ್ಣು ಹೊರುತ್ತಾರೆ, ಅವರನ್ನು ದೂರಲೂ ಆಗುವುದಿಲ್ಲ. ಮಾಳಿಗೆ ಮರದ ಕಂಬಗಳ ಮೇಲೆ ನಿಂತಿದ್ದರೆ ಅದು ಮನೆಯ ಪುಣ್ಯ. ಕಂಬ, ತೊಲೆ ಸೇರುವಲ್ಲಿ ಎರಡೂ ಕಡೆ ಓರೆ ಕಟ್ಟಿಗೆ ಬಡಿದು ಬೋಲ್ಟ್ ಹಾಕಿದರೆ ಗೋಡೆ ಬಿದ್ದರೂ ಚಾವಣಿ ನಿಲ್ಲುವ ಸಾಧ್ಯತೆ ಬಹಳ ಹೆಚ್ಚುತ್ತದೆ.

ಎರಡನೆಯದು ಗೋಡೆಯ ಎರಡು ಸಾಲುಗಳನ್ನು ಕಟ್ಟುವುದು. ಕಿಲ್ಲಾರಿಯ ನಂತರ ಮಹಾರಾಷ್ಟ್ರದ ಹಳ್ಳಿಗಳಲ್ಲಿ ಬಳಸಿದ, ಮಾನಕ ಸಂಸ್ಥೆಯ ದುರಸ್ತಿ ಮಾರ್ಗಸೂಚಿಯಲ್ಲೂ ಇರುವ ಕ್ರಮವಿದು. ಗೋಡೆಯ ಮೇಲೆ ಉದ್ದಕ್ಕೂ ಎತ್ತರಕ್ಕೂ ಸುಮಾರು ಒಂದು ಮೀಟರಿಗೊಂದು ಗುರುತು, ಮೇಲಿನ ಸಾಲಿನದು ಕೆಳಗಿನ ಎರಡರ ನಡುವೆ ಬರುವಂತೆ. ಗುರುತಿನ ಕಲ್ಲಿನ ಸುತ್ತ ಮಣ್ಣು ಕೆರೆದು, ಸಣ್ಣ ಸರಳಿನಿಂದ ಮೆಲ್ಲಗೆ ಅಲುಗಿಸಿ ಕಲ್ಲು ಹೊರಗೆಳೆಯಬೇಕು. ಒಳಗಿನ ಮಣ್ಣು ತೆಗೆಯುತ್ತ ಆಚೆ ಮೈವರೆಗೆ ಆರಪಾರ 75 ಮಿ.ಮೀ. ತೂತು ಮಾಡಬೇಕು, ಆಚೆಯ ಕಲ್ಲನ್ನೂ ಹಾಗೆಯೇ ಬಿಡಿಸಬೇಕು. ತೂತಿನ ಎರಡೂ ಬಾಯಿ ಅಗಲ, ನಡು ಸಣ್ಣ. ಅರ್ಧದಷ್ಟು 1:2:4 (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟ್ ತುಂಬಿ, ಎರಡೂ ತುದಿ ಕೊಕ್ಕೆ ಮಾಡಿದ 8 ಮಿ.ಮೀ. ಸರಳನ್ನು ಇಟ್ಟು, ಉಳಿದದ್ದನ್ನು ತುಂಬಬೇಕು. ಸರಳಿನ ಉದ್ದ ಗೋಡೆಯ ದಪ್ಪಕ್ಕಿಂತ 50 ಮಿ.ಮೀ. ಕಡಿಮೆ ಇರಲಿ, ತುದಿ ಹೊರಗೆ ಕಂಡರೆ ತುಕ್ಕು ಹಿಡಿಯುತ್ತದೆ. ಕನಿಷ್ಠ 10 ದಿನ ನೀರು ಹೊಡೆಯಬೇಕು. ಕೆಲಸ ಕೆಡುವುದು ಮೂರು ಕಡೆ: ಗೌಂಡಿ ಅವಸರಕ್ಕೆ ಸುತ್ತಿಗೆಯಿಂದ ಬಡಿದು ಸುತ್ತಲಿನ ಕಲ್ಲು ಸಡಿಲ ಮಾಡುವುದು, ಪಕ್ಕಪಕ್ಕದ ತೂತುಗಳನ್ನು ಒಂದೇ ದಿನ ತೆರೆಯುವುದು, ನೀರು ಹೊಡೆಯದೆ ಬಿಡುವುದು. ಈಗಾಗಲೇ ಹೊಟ್ಟೆ ಬಿಟ್ಟ ಗೋಡೆಗೆ ಈ ಉಪಚಾರ ಸಾಲದು. ಅದನ್ನು ಇಳಿಸಿಯೇ ಮತ್ತೆ ಕಟ್ಟಬೇಕು.

ಹೊರಗಿನಿಂದ ಸಿಮೆಂಟ್ ಗಿಲಾವು ಮಾಡಿಸಿ ಮನೆ ಗಟ್ಟಿಯಾಯಿತೆಂದು ನಂಬುವವರು ಬಹಳ. ಗಿಲಾವು ಒಳಸಾಲನ್ನು ಹೊರಸಾಲಿಗೆ ಕಟ್ಟುವುದಿಲ್ಲ, ಬಿರುಕನ್ನು ಮಾತ್ರ ಮುಚ್ಚುತ್ತದೆ. ಅದಕ್ಕಿಂತ ಅಪಾಯದ್ದು ಹಳೆಯ ಮಣ್ಣುಗೋಡೆಯ ಮೇಲೆ ಹೊಸ ಸ್ಲ್ಯಾಬ್ ಹಾಕಿಸುವುದು. ತೂಕದಲ್ಲಿ ಸ್ಲ್ಯಾಬು ಎರಡು ಅಡಿ ಮಣ್ಣಿಗಿಂತ ಹಗುರವೇ. ಆದರೆ ಕೆಳಗಿನ ಗೋಡೆಗೆ ಕಟ್ಟೇ ಇಲ್ಲದಿದ್ದಾಗ ಅದು ಒಂದೇ ಹಾಸಾಗಿ ಬೀಳುತ್ತದೆ, ಅಡಿಯಲ್ಲಿ ಸಿಕ್ಕವರನ್ನು ಕೈಯಿಂದ ತೆಗೆಯಲಾಗುವುದಿಲ್ಲ. ವಸತಿ ಯೋಜನೆಗಳ ಹಣ ಬಿಡುಗಡೆ ಮಾಡುವ ಮುನ್ನ ಇದೊಂದನ್ನು ಪರಿಶೀಲಿಸಲು ಪಂಚಾಯತಿ ಎಂಜಿನಿಯರರಿಗೆ ಲಿಖಿತ ಸೂಚನೆ ಕೊಡಿರಿ.

ಹೊಸದಾಗಿ ಕಲ್ಲಿನಲ್ಲಿ ಕಟ್ಟುವವರಿಗೆ ನಿಯಮ ಸರಳ. ಗೋಡೆ 450 ಮಿ.ಮೀ. ಮೀರಬಾರದು, ಎತ್ತರ 3 ಮೀಟರ್, ಅಡ್ಡಗೋಡೆಯಿಲ್ಲದ ಉದ್ದ 5 ಮೀಟರ್. ಗುಂಡುಕಲ್ಲು ಬೇಡ, ಕೆತ್ತಿದ ಕಲ್ಲು ಬೇಕು. ಒಂದು ಸಲಕ್ಕೆ 600 ಮಿ.ಮೀ.ಗಿಂತ ಹೆಚ್ಚು ಏರಿಸಬಾರದು, ಪ್ರತಿ 600 ಮಿ.ಮೀ. ಎತ್ತರಕ್ಕೆ, 1.2 ಮೀಟರ್ ಉದ್ದಕ್ಕೆ ಒಂದರಂತೆ ಆರಪಾರ ಹಾಯುವ ಕಲ್ಲು. ಗಾರೆ ಸಿಮೆಂಟಿನದಾದರೆ 1:6, ಸುಣ್ಣದ್ದಾದರೆ 1:3. ಗೋಳಗುಮ್ಮಟದ ಊರಿನವರಿಗೆ ಸುಣ್ಣದ ಗಾರೆಯ ಬಲವನ್ನು ಬೇರೆ ಹೇಳಬೇಕಿಲ್ಲ. ಬಾಗಿಲು, ಕಿಟಕಿಯ ಮೇಲೆ ಮನೆಯ ಸುತ್ತಲೂ ಎಲ್ಲೂ ತುಂಡಾಗದ ಕಾಂಕ್ರೀಟ್ ಪಟ್ಟಿ: ಕನಿಷ್ಠ 75 ಮಿ.ಮೀ. ದಪ್ಪ, ಎರಡು ಉದ್ದ ಸರಳು, 150 ಮಿ.ಮೀ.ಗೊಂದು 6 ಮಿ.ಮೀ. ಅಡ್ಡ ಸರಳು. ಮೂಲೆಯಲ್ಲಿ ಸರಳನ್ನು ಕತ್ತರಿಸಿ ನಿಲ್ಲಿಸಬಾರದು, ಬಗ್ಗಿಸಿ ಪಕ್ಕದ ಗೋಡೆಯೊಳಗೆ ಒಯ್ಯಬೇಕು. ಪಟ್ಟಿ ಹಾಕಿದ್ದರೂ ಮೂಲೆ ಬಿಟ್ಟ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು ಇದೇ.

2005ರ ವಿಪತ್ತು ನಿರ್ವಹಣಾ ಕಾಯ್ದೆ ಆದ ಮೇಲಿನ ಪರಿಹಾರದ ಜೊತೆಗೆ ಆಗುವ ಮುಂಚಿನ ಉಪಶಮನವನ್ನೂ ಜಿಲ್ಲಾ ಪ್ರಾಧಿಕಾರದ ಕರ್ತವ್ಯವೆಂದು ಹೇಳುತ್ತದೆ, ಅದಕ್ಕೆ ಪ್ರತ್ಯೇಕ ಉಪಶಮನ ನಿಧಿಯನ್ನೂ ಇಟ್ಟಿದೆ. ಸಪ್ಪಳ ಕೇಳಿದ ಊರುಗಳಲ್ಲಿ ಮನೆಮನೆ ಪಟ್ಟಿ ಮಾಡಿಸಿರಿ. ಗೋಡೆ ಯಾವುದು, ಮಾಳಿಗೆಯ ಮಣ್ಣು ಎಷ್ಟು ಅಡಿ, ಗೋಡೆ ಹೊಟ್ಟೆ ಬಿಟ್ಟಿದೆಯೇ, ಮೂಲೆ ಬಿಟ್ಟಿದೆಯೇ, ಮಲಗುವುದು ಯಾವ ಗೋಡೆಯ ಪಕ್ಕ, ಈ ಐದು ಪ್ರಶ್ನೆ ಸಾಕು. ಹಳೆಯ ಕಲ್ಲುಕಟ್ಟಡದಲ್ಲಿರುವ ಅಂಗನವಾಡಿ, ಶಾಲೆಗಳು ಪಟ್ಟಿಯ ತಲೆಗೆ ಇರಲಿ. ಪ್ರತಿ ಹೋಬಳಿಗೆ ಕೆಲವು ಗೌಂಡಿಗಳನ್ನು ಆರಿಸಿ, ಒಂದು ನಿಜವಾದ ಮನೆಯ ಮೇಲೆಯೇ ಮಾಡಿಸಿ ಕಲಿಸಿರಿ, ಕಲಿಯುವ ದಿನಗಳ ಪಗಾರ ಕೊಡಿರಿ. ಸಭಾಂಗಣದಲ್ಲಿ ಚಿತ್ರ ತೋರಿಸಿದರೆ ಕಲ್ಲು ಬಿಡಿಸುವ ಕೈ ಬರುವುದಿಲ್ಲ.

ಮಾಳಿಗೆ ಬಿಚ್ಚುವ ಕೆಲಸಕ್ಕೆ ಮಳೆ ಆಗದು. ಜೋಳ, ಕಡಲೆ ಮನೆಗೆ ಬಂದ ಮೇಲೆ ಮುಂಗಾರು ಬರುವವರೆಗೆ ಮೂರು ತಿಂಗಳಷ್ಟೇ ಸಮಯ. ಆದ್ದರಿಂದ ಪಟ್ಟಿ ಸಂಕ್ರಾಂತಿಯೊಳಗೆ, ಗೌಂಡಿಗಳ ತರಬೇತಿ ಶಿವರಾತ್ರಿಯೊಳಗೆ ಮುಗಿದು, ಯುಗಾದಿಯ ಹೊತ್ತಿಗೆ ಮೊದಲ ಮಾಳಿಗೆಗಳ ಮಣ್ಣು ಇಳಿಯುತ್ತಿರಬೇಕು. ಅಳತೆ, ಆಯ್ಕೆ, ತರಬೇತಿ ಯಾವುದಕ್ಕೆ ಕರೆದರೂ ಸಂಭಾವನೆಯಿಲ್ಲದೆ ಬಂದು ಕೆಲಸ ಮಾಡಲು ನಾವು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಭೂವಿಜ್ಞಾನ ಮತ್ತು ಕಟ್ಟಡ ಕೆಲಸ ಬಲ್ಲ ಜಿಲ್ಲೆಯ ಕೆಲವರು,
ವಿಜಯಪುರ